ಕಿರಾಣಿ ಅಂಗಡಿಯ ಬೀಗ

2009ರ ಅಕ್ಟೋಬರ್ ಮೊದಲ ವಾರ. ಮಲಪ್ರಭೆ ಊರೊಳಗೆ ನುಗ್ಗಿದ್ದರೂ ನನ್ನ ಸೋದರಮಾವ ಮನೆ ಬಿಡಲು ಒಪ್ಪಲಿಲ್ಲ. ಮಕ್ಕಳನ್ನೂ ಅತ್ತೆಯನ್ನೂ ಗಂಜಿ ಕೇಂದ್ರಕ್ಕೆ ಕಳುಹಿಸಿ, ಟ್ರಂಕನ್ನೂ ಎರಡು ಚೀಲ ಜೋಳವನ್ನೂ ಮಾಳಿಗೆಗೆ ಏರಿಸಿ ಕುಳಿತುಬಿಟ್ಟರು. "ಹೊಳೆ ಬಂದಂತೆ ಇಳಿದುಹೋಗುತ್ತದೆ. ಕಳ್ಳ ಬಂದರೆ ಬರಿಗೈಯಲ್ಲಿ ಹೋಗುತ್ತಾನೆಯೇ?" ಎಂಬುದು ಅವರ ವಾದ. ಅವರೊಬ್ಬರೇ ಅಲ್ಲ, ಆ ಓಣಿಯ ಆರೇಳು ಮಾಳಿಗೆಗಳ ಮೇಲೆ ಒಬ್ಬೊಬ್ಬ ಯಜಮಾನ ಹೀಗೆ ಕಾವಲು ಕುಳಿತಿದ್ದ. ನೀರಿಗಿಂತ ಕಳ್ಳನಿಗೆ ಹೆದರಿದವರು.

ನೆರೆಯಲ್ಲಿ ಕಳ್ಳತನ ನಡೆಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2024ರ ಜುಲೈನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲ ಕೊಚ್ಚಿಹೋದಾಗ ಅಳಿದುಳಿದ ಖಾಲಿ ಮನೆಗಳಿಗೆ ಯಾರೂ ನುಗ್ಗದಂತೆ ಪೊಲೀಸರು ರಾತ್ರಿ ಗಸ್ತು ಹಾಕಬೇಕಾಯಿತು. ಅಂಥ ಸಾವಿನ ನಡುವೆಯೂ ಕೈಚಳಕ ತೋರಿಸುವವರಿಗೆ ನನ್ನಲ್ಲಿ ಯಾವ ಕನಿಕರವೂ ಇಲ್ಲ. ಆದರೆ ಪ್ರತಿ ಸಲ ಎಲ್ಲೋ ಪ್ರಳಯವಾದಾಗ ನಮ್ಮ ಮೊಬೈಲುಗಳಿಗೆ ಬಂದು ಬೀಳುವ "ಲೂಟಿಕೋರರನ್ನು ಕಂಡಲ್ಲಿ ಗುಂಡಿಕ್ಕಿ" ಎಂಬ ಆವೇಶವನ್ನು ಕಂಡಾಗ ನನಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ನೆನಪಾಗುತ್ತದೆ.

2005ರ ಆಗಸ್ಟ್ 29. ಕತ್ರಿನಾ ಚಂಡಮಾರುತಕ್ಕೆ ಒಡ್ಡುಗಳು ಒಡೆದು ಆ ನಗರದ ಸುಮಾರು ಶೇ. 80ರಷ್ಟು ಭಾಗ ಮುಳುಗಿತು. ಜನ ಚಾವಣಿಗಳ ಮೇಲೆ ನಿಂತು ಬಟ್ಟೆ ಬೀಸುತ್ತಿದ್ದರು. ಎರಡೇ ದಿನಗಳಲ್ಲಿ ಮೇಯರ್ ರೇ ನೇಗಿನ್ ಸುಮಾರು 1500 ಪೊಲೀಸರನ್ನು ರಕ್ಷಣಾ ಕೆಲಸದಿಂದ ಬಿಡಿಸಿ ಲೂಟಿ ತಡೆಯಲು ಕಳುಹಿಸಿದರು. ಈ ಸಾಲನ್ನು ಇನ್ನೊಮ್ಮೆ ಓದಿ. ಚಾವಣಿಯ ಮೇಲಿನ ಮನುಷ್ಯನನ್ನು ಇಳಿಸಬೇಕಾದ ಕೈಗಳು ಅಂಗಡಿ ಕಾಯಲು ಹೋದವು.

ಲೂಟಿ ನಡೆದದ್ದು ನಿಜ. ಟಿವಿ, ಬೂಟು, ಬಂದೂಕುಗಳನ್ನು ಹೊತ್ತೊಯ್ದವರಿದ್ದರು. ಅದರ ಹತ್ತು ಪಟ್ಟು ಗಾಳಿಸುದ್ದಿಯೂ ಹಬ್ಬಿತು. ಸಾವಿರಾರು ಜನ ಆಶ್ರಯ ಪಡೆದಿದ್ದ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಹಸುಗೂಸುಗಳ ಮೇಲೂ ಅತ್ಯಾಚಾರ ನಡೆಯುತ್ತಿದೆ ಎಂದು ಪೊಲೀಸ್ ಮುಖ್ಯಸ್ಥರೇ ಟಿವಿಯಲ್ಲಿ ಕಣ್ಣೀರಿಟ್ಟರು. ಒಳಗೆ ಹೆಣಗಳ ರಾಶಿಯೇ ಇದೆ ಎಂದು ಪತ್ರಿಕೆಗಳು ಬರೆದವು. ಕೊನೆಗೆ ಸಿಕ್ಕಿದ್ದು ಆರು ದೇಹಗಳು, ಒಂದೂ ಕೊಲೆಯಲ್ಲ. ಆ ಹೊತ್ತಿಗೆ ಆ ನಗರವಿರುವ ಲೂಸಿಯಾನಾ ರಾಜ್ಯದ ಗವರ್ನರ್ ಕ್ಯಾಥ್ಲೀನ್ ಬ್ಲಾಂಕೊ, ಬರುತ್ತಿರುವ ಸೈನಿಕರಿಗೆ ಗುಂಡಿಟ್ಟು ಕೊಲ್ಲುವುದು ಗೊತ್ತು ಎಂದು ಎಚ್ಚರಿಸಿಯೂ ಆಗಿತ್ತು.

ಸೆಪ್ಟೆಂಬರ್ 4ರಂದು ಡ್ಯಾಂಜಿಗರ್ ಸೇತುವೆಯ ಮೇಲೆ ಪೊಲೀಸರು ನಿರಾಯುಧ ಜನರತ್ತ ಗುಂಡು ಹಾರಿಸಿದರು. ಸತ್ತವರು ಇಬ್ಬರು: ಹದಿನೇಳರ ಹುಡುಗನೊಬ್ಬ, ಬುದ್ಧಿಮಾಂದ್ಯತೆಯಿದ್ದ ನಲವತ್ತರ ವ್ಯಕ್ತಿಯೊಬ್ಬ. ನಾಲ್ವರು ಗಾಯಗೊಂಡರು. ಪೊಲೀಸರು ಸುಳ್ಳು ದಾಖಲೆ ಸೃಷ್ಟಿಸಿದರು. ಆ ಪ್ರಕರಣದಲ್ಲಿ ಐವರು ಮಾಜಿ ಪೊಲೀಸರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡದ್ದು 2016ರಲ್ಲಿ.

ಅದೇ ನೆರೆಯ ಎರಡು ಫೋಟೊಗಳನ್ನು ನೀವೂ ನೋಡಿರಬಹುದು. ಒಂದರಲ್ಲಿ ಕಪ್ಪು ಯುವಕನೊಬ್ಬ ಎದೆಮಟ್ಟದ ನೀರಿನಲ್ಲಿ ಸಾಮಾನು ಎಳೆದೊಯ್ಯುತ್ತಿದ್ದಾನೆ. ಅಡಿಬರಹದಲ್ಲಿ ಅವನು ದಿನಸಿ ಅಂಗಡಿಯನ್ನು "ಲೂಟಿ" ಮಾಡಿದವನು. ಇನ್ನೊಂದರಲ್ಲಿ ಬಿಳಿಯ ಜೋಡಿ. ಅವರಿಗೆ ಬ್ರೆಡ್ಡು "ಸಿಕ್ಕಿತು". ಬೇರೆ ಬೇರೆ ಸುದ್ದಿಸಂಸ್ಥೆಗಳ ಚಿತ್ರಗಳವು. ಅಂಗಡಿಯೊಳಗೆ ಹೋದದ್ದನ್ನು ಕಂಡೇ ಹಾಗೆ ಬರೆದೆವೆಂದು ಒಬ್ಬರು, ಸಾಮಾನು ತೇಲಿ ಬರುತ್ತಿತ್ತೆಂದು ಇನ್ನೊಬ್ಬರು ಸಮಜಾಯಿಷಿ ಕೊಟ್ಟರು. ಇಬ್ಬರೂ ಸುಳ್ಳು ಹೇಳಿರಲಾರರು. ಆದರೂ ಅವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಹೊಟ್ಟೆಯಲ್ಲಿ ಏನೋ ಕಸಿವಿಸಿ.

(ಗಲಭೆಯ ಲೂಟಿಯ ಮಾತು ಬೇರೆ. 1977ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಕರೆಂಟು ಹೋದ ಒಂದು ರಾತ್ರಿಗೆ 1600ಕ್ಕೂ ಹೆಚ್ಚು ಅಂಗಡಿಗಳು ಹಾಳಾದವು. 1965ರಲ್ಲಿ ಅದೇ ನಗರದಲ್ಲಿ ಕತ್ತಲಾದಾಗ ಅಂಥದ್ದೇನೂ ಆಗಿರಲಿಲ್ಲ. ಹಾಗಾಗಿ ಕತ್ತಲೆಯನ್ನೊಂದೇ ದೂರಿ ಫಲವಿಲ್ಲ. ಆ ಹನ್ನೆರಡು ವರ್ಷಗಳಲ್ಲಿ ನಗರ ದಿವಾಳಿಯ ಅಂಚಿಗೆ ಬಂದಿತ್ತು. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.)

ಮಾವನ ಕಥೆಗೆ ಬರುತ್ತೇನೆ. ಎರಡನೆಯ ದಿನವೇ ಬುತ್ತಿ ಖಾಲಿಯಾಯಿತು. ಚೀಲದ ತುಂಬ ಜೋಳವಿತ್ತು. ಬೀಸಲು ಕಲ್ಲಿಲ್ಲ, ಒಲೆಯಿಲ್ಲ. ಓಣಿಯ ಹುಡುಗರು ಈಜಿಕೊಂಡು ಹೋಗಿ ಕಿರಾಣಿ ಅಂಗಡಿಯ ಬೀಗ ಒಡೆದು, ಮೇಲಿನ ಹಲಗೆಗಳಲ್ಲಿ ಒಣಗಿಯೇ ಉಳಿದಿದ್ದ ಅವಲಕ್ಕಿ, ಬೆಲ್ಲ, ಬಿಸ್ಕತ್ತುಗಳನ್ನು ಮಾಳಿಗೆಯಿಂದ ಮಾಳಿಗೆಗೆ ಎಸೆದರು. ಕಳ್ಳರನ್ನು ಕಾಯಲು ಕುಳಿತವರು ಎರಡು ದಿನ ಬದುಕಿದ್ದು ಆ ಅವಲಕ್ಕಿಯಿಂದ.

ನೀರಿಳಿದ ಮೇಲೆ ಅಂಗಡಿಯವರು ಬಂದು ಕೆಸರು ಬಳಿದರು. ಹೊಸ ನೋಟುಪುಸ್ತಕ ತೆಗೆದು ಕುಳಿತರು. ಹಳೆಯ ಉದ್ದರಿ ಪುಸ್ತಕ ನೀರು ಪಾಲಾಗಿತ್ತು. ಮಾವ ಮೊದಲು ಹೋಗಿ ಅವಲಕ್ಕಿ ಎರಡು ಕಿಲೋ, ಬೆಲ್ಲ ಅರ್ಧ ಕಿಲೋ ಎಂದು ಬರೆಸಿದರು. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಹುಡುಗರು ಬಿಸ್ಕತ್ತಿನ ಲೆಕ್ಕ ಕೊಟ್ಟರು. ಒಡೆದ ಬೀಗದ ದುಡ್ಡನ್ನು ಮಾತ್ರ ಅಂಗಡಿಯವರು ಬೇಡವೆಂದರು. ಒಂದು ಡಬ್ಬಿ ಸಿಗರೇಟು ಎಲ್ಲಿ ಹೋಯಿತೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಮಾವ ಸಿಗರೇಟು ಸೇದುವುದಿಲ್ಲ ಎಂದು ಅತ್ತೆ ಹೇಳುತ್ತಾರೆ.