ಎಡೆ ಕಾಗೆಗೆ, ತಿಂದದ್ದು ಕರಡಿ

ಹೋದ ವರ್ಷದ ಮಹಾಲಯ ಅಮಾವಾಸ್ಯೆ. ನಾವಿರುವುದು ನ್ಯೂಜೆರ್ಸಿಯ ಉತ್ತರಕ್ಕೆ, ಮಾರಿಸ್ ಕೌಂಟಿಯಲ್ಲಿ. ಮನೆ ಹಿಂದೆ ನಾಲ್ಕು ಓಕ್ ಮರ, ಅದರಾಚೆ ಕಾಡು. ಅತ್ತೆ ಊರಿಂದ ಬಂದಿದ್ದರು. ಹಿಂಬಾಗಿಲಾಚೆಯ ಮರದ ಜಗಲಿ, ಅಂದರೆ ಡೆಕ್ ಮೇಲೆ ಬಾಳೆ ಎಲೆ ಹಾಕಿ ಅನ್ನ, ತೊವ್ವೆ, ವಡೆ, ಎಳ್ಳುಂಡೆ, ಹಾಗಲಕಾಯಿ ಪಲ್ಯ ಬಡಿಸಿ, ಮೇಲೆ ಧಾರಾಳವಾಗಿ ತುಪ್ಪ ಸುರಿದು "ಕಾ ಕಾ" ಅಂತ ಕರೆದರು. ಇಲ್ಲಿನ ಕಾಗೆಗೆ ಕನ್ನಡ ಬರಲ್ಲ ಅಜ್ಜಿ ಅಂತ ಮಗಳು ನಕ್ಕಳು. ಕಾಗೆ ಮುಟ್ಟದೆ ನಮಗೆ ಊಟ ಇಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ಒಳಗೆ ಕೂತಿದ್ದೆವು.

ಡೆಕ್‌ನ ಮೆಟ್ಟಿಲು ಕಿರ್ ಅಂತು. ನೋಡಿದರೆ ಕಪ್ಪು ಕರಡಿ.

ನಮ್ಮಿಬ್ಬರ ಮಧ್ಯೆ ಒಂದು ಗಾಜಿನ ಬಾಗಿಲು ಅಷ್ಟೇ. ಮೈಯೆಲ್ಲ ಕಡುಗಪ್ಪು, ಮೂತಿ ಮಾತ್ರ ಕಂದು. ಮೊದಲು ವಡೆ ತಿಂದಿತು. ಆಮೇಲೆ ಎಳ್ಳುಂಡೆ. ಆಮೇಲೆ ತುಪ್ಪದ ಅನ್ನ. ಎಲೆ ಜಾರದ ಹಾಗೆ ಒಂದು ಪಂಜದಲ್ಲಿ ಒತ್ತಿ ಹಿಡಿದು ನೆಕ್ಕಿತು. ಎಲೆ ಎಲ್ಲೂ ಹರಿಯಲಿಲ್ಲ. ಹಾಗಲಕಾಯಿ ಪಲ್ಯವನ್ನು ಮೂಸಿ ಹಾಗೇ ಬಿಟ್ಟು ಹೋಯಿತು.

ಅತ್ತೆ ಕೈಮುಗಿದು ನಿಂತಿದ್ದರು. "ನಿಮ್ಮ ಮಾವನವರಿಗೂ ಹಾಗಲಕಾಯಿ ಸೇರ್ತಿರಲಿಲ್ಲ" ಅಂದರು.

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತ ಎಷ್ಟೋ ಸಲ ಹೇಳಿದ್ದೇನೆ, ಕಣ್ಣಾರೆ ನೋಡಿದ್ದು ಅವತ್ತೇ. (ಗಾದೆಯ ಕರಡಿ ಪ್ರಾಣಿಯಲ್ಲ, ಕರಡಿ ವಾದ್ಯ ಅಂತ ಹೇಳುವವರೂ ಇದ್ದಾರೆ. ಇರಲಿ.) ವಿಡಿಯೋ ಮಾಡಿದೆವು, ಫ್ಯಾಮಿಲಿ ಗ್ರೂಪಿಗೆ ಹಾಕಿದೆವು. "ಪಾಪ, ಹಸಿದಿತ್ತು ಅನ್ಸುತ್ತೆ", "ಪುಣ್ಯ ಬಂತು ಬಿಡಿ" ಅಂತ ಹತ್ತಾರು ಮೆಸೇಜು.

ಮೂರನೇ ದಿನ ಅದೇ ಹೊತ್ತಿಗೆ ಮತ್ತೆ ಬಂತು. ಡೆಕ್ ಮೇಲೆ ಏನೂ ಇರಲಿಲ್ಲ. ಎಲೆ ಇಟ್ಟಿದ್ದ ಜಾಗ ಮೂಸಿತು. ಆಮೇಲೆ ಬಾಗಿಲ ಹತ್ತಿರ ಬಂದು ಗಾಜಿಗೆ ಮೂತಿ ಒತ್ತಿತು. ನಾನು ಪಾತ್ರೆ ಬಡಿದೆ. ಓಡಲಿಲ್ಲ. ಕೂತುಕೊಂಡು ನನ್ನನ್ನೇ ನೋಡಿತು. ನನಗೆ ನಿಜವಾಗಿ ಹೆದರಿಕೆ ಆಗಿದ್ದು ಆಗ. ಪೊಲೀಸರಿಗೆ ಫೋನ್ ಮಾಡಿದರೆ ಅವರ ಮೊದಲ ಪ್ರಶ್ನೆಯೇ, ಹೊರಗೆ ಏನು ಇಟ್ಟಿದ್ದಿರಿ?

ಇದನ್ನು ಬರೆಯುವುದಕ್ಕೆ ಕಾರಣ, ಈ ವರ್ಷವೂ ಗ್ರೂಪುಗಳಲ್ಲಿ ಅದೇ ವಿಡಿಯೋಗಳು ಓಡಾಡುತ್ತಿವೆ. ಬರ್ಡ್ ಫೀಡರ್ ಕಿತ್ತು ತಿನ್ನುವ ಕರಡಿ, ಕಸದ ಡಬ್ಬಿ ಉರುಳಿಸುವ ಕರಡಿ. ಎಲ್ಲದಕ್ಕೂ ಹಾರ್ಟ್ ಒತ್ತುತ್ತೇವೆ. ನನ್ನ ಪ್ರಕಾರ ಈ "ಪಾಪ" ಅನ್ನುವ ಮಾತೇ ಕರಡಿಯ ಪ್ರಾಣ ತೆಗೆಯುವುದು.

ಪಿತೃಪಕ್ಷ ಬರುವ ಹೊತ್ತಿಗೆ ಸರಿಯಾಗಿ ಇಲ್ಲಿ ಕರಡಿಗಳು ಚಳಿಗಾಲದ ನಿದ್ದೆಗೆ ಮೈ ಬೆಳೆಸುತ್ತಿರುತ್ತವೆ. ದಿನಕ್ಕೆ 20,000 ಕ್ಯಾಲೊರಿ ತನಕ ತಿನ್ನುತ್ತವೆ. ಓಕ್ ಕಾಯಿ ಒಂದೊಂದಾಗಿ ಆರಿಸಿ ಅಷ್ಟು ಸೇರಿಸಬೇಕೆಂದರೆ ದಿನವಿಡೀ ದುಡಿಯಬೇಕು. ತುಪ್ಪದ ಅನ್ನ, ಕರಿದ ಎಣ್ಣೆಯ ಡಬ್ಬ, ಸೂರ್ಯಕಾಂತಿ ಬೀಜ ತುಂಬಿದ ಫೀಡರ್ ಐದು ನಿಮಿಷದ ಕೆಲಸ. ಲೆಕ್ಕ ಅದಕ್ಕೂ ಬರುತ್ತದೆ. ಒಂದು ಸಲ ಸಿಕ್ಕಿದ ಜಾಗವನ್ನು ಮರೆಯುವುದಿಲ್ಲ. ಮರಿಗಳಿಗೂ ತೋರಿಸುತ್ತದೆ. ಕಡೆಗೆ ಒಂದು ದಿನ ಯಾರದೋ ಅಡುಗೆಮನೆಗೆ ನುಗ್ಗುತ್ತದೆ. ಹಾಗೆ ಮನೆಯೊಳಗೆ ನುಗ್ಗಿದ ಕರಡಿಯನ್ನು ಈ ರಾಜ್ಯದಲ್ಲಿ ಅಪಾಯಕಾರಿ ಅಂತ ಲೆಕ್ಕ ಹಾಕಿ ಕೊಲ್ಲುತ್ತಾರೆ. ದೂರ ಬಿಟ್ಟು ಬರಬಾರದಾ ಅಂತ ಕೇಳುತ್ತೀರಿ. ಎಷ್ಟೋ ಕರಡಿಗಳು ದಾರಿ ಹುಡುಕಿಕೊಂಡು ವಾಪಸ್ ಬರುತ್ತವೆ, ಇಲ್ಲದಿದ್ದರೆ ಅಲ್ಲಿನ ಕಸದ ಡಬ್ಬಿ ಹುಡುಕುತ್ತವೆ. ಬೇಕೆಂದೇ ತಿನ್ನಲು ಹಾಕಿದರೆ ನಮಗೆ 1,000 ಡಾಲರ್ ತನಕ ದಂಡ. ಕರಡಿಗೆ ಗುಂಡು.

ಹೊಸಪೇಟೆ ಕಡೆಯವಳು ನಾನು. ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲದ ಪಾಕ ಹಚ್ಚಿ ಕರಡಿ ತೋರಿಸುವಾಗ ಚಪ್ಪಾಳೆ ತಟ್ಟಿದ್ದೇನೆ. ಈಗ ಅದೂ ಯಾಕೋ ಸರಿ ಕಾಣುವುದಿಲ್ಲ.

ಹಾಗಂತ ಇಲ್ಲಿನ ಕಪ್ಪು ಕರಡಿ ಸಾಧು ಪ್ರಾಣಿ ಅಂತಲೂ ತಿಳಿಯಬೇಡಿ. 2014ರಲ್ಲಿ ಇಲ್ಲೇ ವೆಸ್ಟ್ ಮಿಲ್‌ಫರ್ಡ್‌ನ ಕಾಡಿನಲ್ಲಿ ಐವರು ಗೆಳೆಯರು ಕರಡಿ ಕಂಡು ಫೋಟೋ ತೆಗೆದರು. ಅದು ಹಿಂದೆ ಬಂತು. ಇವರು ದಿಕ್ಕಿಗೊಬ್ಬರು ಓಡಿದರು. ಒಬ್ಬ ಹುಡುಗ ವಾಪಸ್ ಬರಲಿಲ್ಲ. ನಮ್ಮ ದೇಶದ ಮೂಲದ ಮನೆಯ ಹುಡುಗ. ಇಂಥದ್ದು ತೀರಾ ಅಪರೂಪ, ನಿಜ. 1900ರಿಂದ 2009ರ ತನಕ ಇಡೀ ಉತ್ತರ ಅಮೆರಿಕದಲ್ಲಿ ಕಪ್ಪು ಕರಡಿಯಿಂದ ಸತ್ತವರು 63 ಜನ. ಅದರಲ್ಲೂ ಹೆಚ್ಚಿನವರನ್ನು ಕೊಂದದ್ದು ನಾವೆಲ್ಲ ಹೆದರುವ ಮರಿಯಿರುವ ತಾಯಿ ಅಲ್ಲ, ಒಂಟಿ ಗಂಡು.

ಇನ್ನು ಶಾಲೆಯಲ್ಲಿ ಕೇಳಿದ ಆ ಇಬ್ಬರು ಗೆಳೆಯರ ಕಥೆ ಇದೆಯಲ್ಲ, ಒಬ್ಬ ಮರ ಹತ್ತುತ್ತಾನೆ, ಇನ್ನೊಬ್ಬ ಉಸಿರು ಹಿಡಿದು ಸತ್ತಂತೆ ಮಲಗುತ್ತಾನೆ. ಇಲ್ಲಿ ಇಬ್ಬರೂ ಕೆಟ್ಟರು! ಕಪ್ಪು ಕರಡಿ ನಮಗಿಂತ ಚೆನ್ನಾಗಿ ಮರ ಹತ್ತುತ್ತದೆ. ಇದು ಮೈಮೇಲೆ ಬಿದ್ದರೆ ಮಲಗಬಾರದು, ಕೈಗೆ ಸಿಕ್ಕಿದ್ದರಲ್ಲಿ ಮೂತಿಗೆ ಹೊಡೆಯಬೇಕು. ಅಷ್ಟು ದೂರ ಹೋಗುವ ಮುಂಚೆ, ಓಡದೆ, ಜೋರಾಗಿ ಮಾತಾಡುತ್ತಾ ಹಿಂದೆ ಸರಿಯಬೇಕು. ದರೋಜಿಯಂಥ ನಮ್ಮೂರ ಕಡೆಯ ಕರಡಿಯ ಸ್ವಭಾವ ಬೇರೆ, ಅದಕ್ಕೆ ಇದನ್ನು ಅನ್ವಯಿಸಬೇಡಿ.

ನಮ್ಮ ಮನೆಯಲ್ಲಿ ಈಗ ಕಸದ ಡಬ್ಬಿ ಹೊರಗೆ ಹೋಗುವುದು ಲಾರಿ ಬರುವ ದಿನ ಬೆಳಗ್ಗೆಯೇ, ಹಿಂದಿನ ರಾತ್ರಿ ಅಲ್ಲ. ಚಳಿಯಲ್ಲಿ ಚಪ್ಪಲಿ ಹಾಕಿಕೊಂಡು ಆರು ಗಂಟೆಗೆ ಎಳೆಯುತ್ತೇನೆ. ಫೀಡರ್ ತೆಗೆದಾಯಿತು. ಗ್ರಿಲ್ ಗ್ಯಾರೇಜಿನಲ್ಲಿದೆ. ಆ ಕರಡಿ ಇನ್ನೂ ಎರಡು ಸಲ ಬಂತು, ಆಮೇಲೆ ಕಾಣಲಿಲ್ಲ. ಏನಾಯಿತೋ.

ಈ ಸಲ ಅಮಾವಾಸ್ಯೆಗೆ ಒಂದು ಹಿಡಿ ಅನ್ನ ಇಟ್ಟು ಪಕ್ಕದಲ್ಲೇ ನಿಂತೆ. ಹತ್ತು ನಿಮಿಷ ಕಾದೆ. ಕಾಗೆ ಬರಲಿಲ್ಲ. ಎಲೆ ಎತ್ತಿ ಒಳಗೆ ತಂದೆ. ಅತ್ತೆ ವಿಡಿಯೋ ಕಾಲ್‌ನಲ್ಲಿ ಎಲ್ಲ ನೋಡುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀ ಹಾಗಲಕಾಯಿ ಆದ್ರೂ ಇಡಬಹುದಿತ್ತಲ್ವಾ" ಅಂದರು.