ಕಳಸಗಿತ್ತಿ ಕೈ ಖಾಲಿ ಇರಲ್ಲ

ಅಕ್ಕನ ಮದುವೆ ಫಿಕ್ಸ್ ಆದ ದಿನ ಅಮೆರಿಕಾದಲ್ಲಿರೋ ದೊಡ್ಡಮ್ಮನ ಮಗಳು ವಿಡಿಯೋ ಕಾಲ್ ಮಾಡಿ "ಲೇ, ನೀನೇ ಕಣೇ ಮೇಡ್ ಆಫ್ ಆನರ್" ಅಂದ್ಲು. ಅಲ್ಲೆಲ್ಲ ಮದುವೆ ಹುಡುಗಿ ತಂಗಿನೋ ಗೆಳತಿನೋ ಒಂದು ಹೂಗುಚ್ಛ ಹಿಡ್ಕೊಂಡು ಪಕ್ಕ ನಿಲ್ತಾಳಂತೆ, ಊಟದ ಹೊತ್ತಿಗೆ ಎದ್ದು ನಿಂತು ಗ್ಲಾಸ್ ಎತ್ತಿ ಅಕ್ಕನ ಬಗ್ಗೆ ನಾಲ್ಕು ಒಳ್ಳೆ ಮಾತು ಎರಡು ತಮಾಷೆ ಮಾತು ಹೇಳ್ತಾಳಂತೆ. ನನಗಂತೂ ಆಗಲೇ ಭಾಷಣ ಮನಸ್ಸಲ್ಲಿ ರೆಡಿ ಆಗ್ತಿತ್ತು, ಅಕ್ಕ ಎಂಟನೇ ಕ್ಲಾಸಲ್ಲಿ ನನ್ನ ಪಿಗ್ಗಿ ಬ್ಯಾಂಕ್ ಒಡೆದಿದ್ದೆಲ್ಲ ಅದ್ರಲ್ಲಿ ಬರಬೇಕು ಅಂತ. ಪಕ್ಕದಲ್ಲಿ ಹೂವು ಕಟ್ತಾ ಕೂತಿದ್ದ ನಮ್ಮಜ್ಜಿ "ಮೇಡು ಅಂದ್ರೆ ಮನೆ ಕೆಲ್ಸದೋಳಲ್ವೇನವ್ವಾ?" ಅಂತ ಕೇಳಿ, ಆಮೇಲೆ ಎಲ್ಲ ವಿವರಿಸಿ ಹೇಳಿದ ಮೇಲೆ "ಓ, ಕಳಸಗಿತ್ತಿ ಅನ್ನು ಮತ್ತೆ. ಭಾಸಣ ಗೀಸಣ ಏನಿಲ್ಲ, ಕಳಸ ಹಿಡ್ಕಂಡು ಬಾಯ್ ಮುಚ್ಕಂಡು ನಿಂತ್ಕಂಡ್ರೆ ಆಯ್ತು" ಅಂತ ಇಡೀ ಜಾಬ್ ಡಿಸ್ಕ್ರಿಪ್ಷನ್ ಒಂದೇ ಉಸಿರಲ್ಲಿ ಮುಗಿಸಿಬಿಟ್ರು.

ಕಳಸ ಹಿಡಿಯೋದು ಅಂದ್ರೆ ಏನು ಮಹಾ, ಒಂದು ತಂಬಿಗೆ, ಅದ್ರೊಳಗೆ ನೀರು, ಬಾಯಿಗೆ ಐದು ವೀಳ್ಯದೆಲೆ, ಮೇಲೊಂದು ತೆಂಗಿನಕಾಯಿ, ಅಷ್ಟೇ ತಾನೇ ಅಂತ ನೀವೂ ಅನ್ಕೋತೀರ. ಹಿಡ್ಕೊಂಡೋರಿಗೆ ಗೊತ್ತು ಅದ್ರ ಕಷ್ಟ. ಅದಕ್ಕೆ ಎರಡೂ ಕೈ ಬೇಕು, ಕೆಳಗೆ ಇಡೋ ಹಂಗಿಲ್ಲ, ಬೇರೆಯೋರ ಕೈಗೆ ಕೊಡೋ ಹಂಗಿಲ್ಲ, ಮದುವೆ ಮನೇಲಿ ಎರಡೂ ಕೈ ಕಟ್ಟಾಕಿದ ಒಬ್ಬಳೇ ಮನುಷ್ಯಳು ಕಳಸಗಿತ್ತಿ. ಮತ್ತೆ ಅವತ್ತು ಅದು ಹೇಗೋ, ಎಲ್ಲ ಸಾಮಾನನ್ನೂ ತಂದು ಅವಳ ಹತ್ರನೇ ಕೊಡ್ತಾರೆ. ಅಕ್ಕನ ಮೊಬೈಲ್, ಅಮ್ಮನ ಕನ್ನಡಕ, ಯಾರದೋ ಮಗು.

ಹಿಂದಿನ ದಿನ ಮೈಸೂರಿಗೆ ಹೋಗಿ ದೇವರಾಜ ಮಾರ್ಕೆಟ್ಟಲ್ಲಿ ಹೂವು ತಂದಿದ್ದೂ ನಾನೇ. ಚಿಕ್ಕ ಗಡಿಯಾರದ ಹತ್ರ ಸ್ಕೂಟಿ ನಿಲ್ಲಿಸೋಕೆ ಜಾಗ ಹುಡುಕೋದ್ರಲ್ಲೇ ಅರ್ಧ ಗಂಟೆ ಹೋಯ್ತು, ಆಮೇಲೆ ಮಲ್ಲಿಗೆ ಮಾರಿಗೆ ಎಷ್ಟು ಅಂತ ಕೇಳಿದ್ರೆ ಹೂವಿನೋರು ಹೇಳಿದ ರೇಟಿಗೆ ನಮ್ಮಮ್ಮ ಫೋನಲ್ಲೇ "ಚಿನ್ನದ್ದು ಬೇಡ, ಹೂವಿಂದು ಕೇಳು" ಅಂದ್ರು. ಲಗ್ನದ ಸೀಸನ್ನಲ್ಲಿ ಚೌಕಾಸಿ ನಡೆಯಲ್ಲ, ಕೊಟ್ಟು ಬಂದೆ.

ಸೀರೆದು ಇನ್ನೊಂದು ಕಥೆ. ಅಮ್ಮ ಅವರ ಮದುವೆಯ ಮೈಸೂರು ಸಿಲ್ಕ್ ಉಡು ಅಂತ ಹಠ ಹಿಡಿದ್ರು. ಮೈಸೂರು ಮಾನಂದವಾಡಿ ರೋಡಲ್ಲಿರೋ ರೇಷ್ಮೆ ಫ್ಯಾಕ್ಟರಿ ಶುರುವಾಗಿದ್ದು 1912ರಲ್ಲಿ, ನೂರು ವರ್ಷದ ಮೇಲಾಯ್ತು, ಅಷ್ಟು ವರ್ಷದಿಂದ ಆ ಕ್ರೇಪ್ ಸಿಲ್ಕ್ ಎಷ್ಟು ನುಣುಪು ಎಷ್ಟು ನುಣುಪು ಅಂತ ಎಲ್ಲರೂ ಹೊಗಳ್ತಾನೇ ಇದ್ದಾರೆ. ನುಣುಪು ಅಂದ್ರೆ ಜಾರುತ್ತೆ ಅಂತ ಮಾತ್ರ ಯಾರೂ ಹೇಳಲ್ಲ. ಭುಜದ ಪಿನ್ನು ಬಿಚ್ಕೊಂಡ್ರೆ ಸೆರಗು ನಿಲ್ಲೋ ಮಾತೇ ಇಲ್ಲ, ಮೇಲೆತ್ತಿ ಹಾಕ್ಕೊಳ್ಳೋಣ ಅಂದ್ರೆ ಕೈ ಖಾಲಿ ಇಲ್ಲ. ಆ ಪಿನ್ನು ಅವತ್ತು ಮೂರು ಸಲ ಬಿಚ್ಕೊಂಡಿತು. ನನ್ನ ಗಲ್ಲ ಭುಜಕ್ಕೆ ಅಂಟಿಸಿ ಸೆರಗು ಒತ್ತಿ ಹಿಡಿದಿರೋದನ್ನ ನೋಡಿ ಹುಡುಗನ ಕಡೆ ಯಾರೋ ಅಜ್ಜಿ "ಪಾಪ ಹುಡುಗಿಗೆ ಕತ್ತು ಉಳುಕೈತಾ" ಅಂತ ಕೇಳಿದ್ರಂತೆ.

ಈಗ ವಿಷಯಕ್ಕೆ ಬರ್ತೀನಿ.

ಮಂಡ್ಯದ ಛತ್ರ. ಮುಹೂರ್ತ ಬೆಳಿಗ್ಗೆ 6.15ಕ್ಕೆ. ಹಿಂದಿನ ರಾತ್ರಿ ರಿಸೆಪ್ಷನ್ನು ಮುಗಿದು ಮಲಗಿದಾಗ ಒಂದೂವರೆ, ಮೂರೂವರೆಗೆ ಸೋದರತ್ತೆ ಬಂದು ಲೈಟ್ ಹಾಕಿದ್ರು. ಐದು ಗಂಟೆ ಹೊತ್ತಿಗೆ ಅಕ್ಕನ್ನ ಕೆಳಗೆ ಕರ್ಕೊಂಡು ಹೋದ್ರು, ಹೆಣ್ಣಿನ ರೂಮಿಗೆ ಬೀಗ ಹಾಕೋ ಕೆಲಸ ನಂದು. ಛತ್ರದ ಮ್ಯಾನೇಜರ್ ಕೊಟ್ಟಿದ್ದು ಒಂದೇ ಕೀ, ಅದಕ್ಕೊಂದು ದಾರನೂ ಇಲ್ಲ ಬಿಲ್ಲೆನೂ ಇಲ್ಲ, "ಕಳದ್ರೆ ಅಡ್ವಾನ್ಸಲ್ಲಿ ಐನೂರು ಕಟ್ ಮೇಡಂ" ಅಂತ ಬೇರೆ ಹೇಳಿದ್ರು. ಬೀಗ ಹಾಕಿ ಕೀ ಮುಷ್ಟೀಲಿಟ್ಕೊಂಡು ಮೆಟ್ಟಿಲು ಇಳೀತಿದ್ದೆ, ಅತ್ತೆ ತಂಬಿಗೆ ತಂದು ಮುಂದಿಟ್ಟು "ಕಾಯಿನ್ನು, ಅಡಿಕೆ, ಅರಿಶಿನದ ಕೊಂಬು, ತಗೋ, ಇಷ್ಟೂ ಒಳಗಾಕು ಬೇಗ" ಅಂತ ಅದೇ ಮುಷ್ಟಿಗೆ ತುರುಕಿದ್ರು. ಹಾಕ್ದೆ. ಇಷ್ಟೂ ಹಾಕ್ದೆ. ಪುರೋಹಿತರು ಮೇಲೆ ಕಾಯಿ ಇಟ್ಟು ಅರಿಶಿನದ ದಾರ ಸುತ್ತಿ "ಇನ್ನು ಧಾರೆ ಮುಗಿದು ಗಂಡನ ಮನೆ ಸೇರೋವರ್ಗೂ ಕಳಸ ಕದಲಿಸಬಾರ್ದು ಮಗು" ಅಂತ ಹೇಳಿ ನನ್ನ ಕೈಗಿಟ್ರು.

ಅಂತರಪಟ ಹಿಡಿದ್ರು, ಸರಿಸಿದ್ರು, ಅಕ್ಕ ಭಾವ ಜೀರಿಗೆ ಬೆಲ್ಲ ಹಾಕ್ಕೊಂಡ್ರು. ಭಾವ ಕಾಲೇಜಲ್ಲಿ ಕ್ರಿಕೆಟ್ ಆಡ್ತಿದ್ದೆ ಅಂತ ಹೇಳ್ತಿರ್ತಾರೆ, ಆದ್ರೆ ಅವರ ಜೀರಿಗೆ ಬೆಲ್ಲ ಅಕ್ಕನ ತಲೆ ಬಿಟ್ಟು ನೇರ ನನ್ನ ಬಲಗಣ್ಣಿಗೆ ಬಂತು. ಒರೆಸ್ಕೊಳ್ಳೋಕೆ ಕೈ ಇಲ್ಲ. ಕಣ್ಣಲ್ಲಿ ಧಾರಾಕಾರ ನೀರು. ವಿಡಿಯೋದೋನು ಇದೇ ಚಾನ್ಸು ಅಂತ ಕ್ಲೋಸಪ್ ತಗೊಂಡ, ಈಗಲೂ ಆಲ್ಬಮ್ಮಲ್ಲಿ ಅದು "ಅಕ್ಕನ ಅಗಲಿಕೆಗೆ ತಂಗಿಯ ಕಣ್ಣೀರು" ಅನ್ನೋ ಥರ ಪಿಟೀಲು ಮ್ಯೂಸಿಕ್ ಜೊತೆ ಇದೆ.

ಆಗ ಪುರೋಹಿತರು "ತಾಳಿ ತನ್ನಿ" ಅಂದ್ರು. ತಾಳಿ ಅಕ್ಕನ ರೂಮಲ್ಲಿ, ಅಮ್ಮನ ಸೂಟ್‌ಕೇಸಲ್ಲಿ, ಸ್ಟೀಲ್ ಡಬ್ಬೀಲಿ. ಅಮ್ಮ ನನ್ನ ಕಿವಿ ಹತ್ರ ಬಂದು "ಕೀ ಕೊಡೇ" ಅಂದ್ರು. ನಾನು ಪೂರ್ತಿ ಧೈರ್ಯವಾಗಿ "ಸೊಂಟಕ್ಕೆ ಸಿಗಿಸ್ಕೊಂಡಿದೀನಿ ನೋಡು" ಅಂದೆ. ನಾನೂರು ಜನರ ಎದುರಿಗೆ ಅಮ್ಮ ಒಂದು ಕಡೆ ಸೋದರತ್ತೆ ಇನ್ನೊಂದು ಕಡೆ ನನ್ನ ಸೊಂಟ ತಡಕಿದ್ರು, ನನಗೆ ಕಚಗುಳಿ ಜಾಸ್ತಿ, ನಗು ತಡೀಲಾರದೆ ಒಂದು ಹೆಜ್ಜೆ ಹಿಂದಕ್ಕೆ ಹಾರ್ದೆ.

ಕಳಸದೊಳಗೆ ಕಿಣಿಕ್ ಅಂತು.

ಒಂದು ರೂಪಾಯಿ ಕಾಯಿನ್ನು ಅಷ್ಟು ಗಟ್ಟಿಯಾಗಿ ಶಬ್ದ ಮಾಡಲ್ಲ. ನನ್ನ ಹೊಟ್ಟೆಯೊಳಗೆ ಏನೋ ತಣ್ಣಗಾಯ್ತು. ಇನ್ನೊಂದು ಸಲ ಮೆಲ್ಲಗೆ ಅಲ್ಲಾಡಿಸಿ ನೋಡ್ದೆ. ಕಿಣಿಕ್. ಪಕ್ಕದಲ್ಲಿದ್ದ ಅಜ್ಜಿ, ಮಾಮೂಲಿ ದಿನ ಎರಡು ಸಲ ಕೂಗಿದ್ರೂ ಕೇಳಿಸ್ಕೊಳ್ಳದ ಅಜ್ಜಿ, "ಅದ್ಯಾಕವ್ವಾ ನಿನ್ ಕಳಸ ಗೆಜ್ಜೆ ಕಟ್ಕಂಡಂಗೆ ಅಂತದೆ?" ಅಂದ್ರು. ನಾನು ಕಣ್ಣಲ್ಲೇ ಎಲ್ಲ ಹೇಳ್ದೆ. ಅಜ್ಜಿ ಒಂದು ಸಲ ಕಳಸ ನೋಡಿದ್ರು, ಒಂದು ಸಲ ಮೆಟ್ಟಿಲ ಕಡೆ ನೋಡಿದ್ರು, ಆಮೇಲೆ "ವಸಿ ಅಲ್ಲಾಡ್ದಂಗೆ ನಿಂತ್ಕೊ" ಅಂತ ಅಷ್ಟೇ ಅಂದ್ರು.

ನೀವು ನನ್ನ ಜಾಗದಲ್ಲಿ ನಿಂತು ಯೋಚನೆ ಮಾಡಿ. ನಿಜ ಹೇಳಿದ್ರೆ ಕಳಸ ಬಿಚ್ಚಬೇಕು, ಬಿಚ್ಚಿದ್ರೆ ಎರಡೂ ಕಡೆ ದೊಡ್ಡೋರು ಅಪಶಕುನ ಅಂತ ಶುರು ಮಾಡ್ತಾರೆ, ಮುಂದೆ ಅಕ್ಕನ ಮನೇಲಿ ಹಾಲು ಉಕ್ಕಿದ್ರೂ ಅದು ನನ್ನ ತಲೆಗೇ. ಸುಮ್ಮನಿದ್ರೆ ಒಂದು ಬೀಗ ಒಡೀತಾರೆ. ಬೀಗ ಅಗ್ಗ ಅನ್ನಿಸ್ತು, ಸುಮ್ಮನಾದೆ.

ಚಿಕ್ಕಪ್ಪ ಅಡುಗೆಮನೆಗೆ ಓಡಿ ಕಾಯಿ ಒಡೆಯೋ ಮಚ್ಚು ತಂದ್ರು. ವರ್ಷಗಟ್ಟಲೆ ಗದ್ದೇಲಿ ಕಬ್ಬು ಕಡಿದ ಕೈ ಅದು. ಮೇಲಿಂದ ಒಂದೇಟು, ಎರಡೇಟು, ವಾಲಗದೋರು ಇದ್ಯಾವ ತಾಳ ಅಂತ ಕತ್ತೆತ್ತಿ ನೋಡಿದ್ರು, ಮೂರನೇ ಏಟಿಗೆ ಧಡಾರ್ ಅಂತು. ಆಮೇಲೆ ಗೊತ್ತಾಯ್ತು, ಬೀಗಕ್ಕೆ ಒಂದು ಗೀರೂ ಬಿದ್ದಿಲ್ಲ, ಚಿಲಕನೇ ಬಾಗಿಲಿನ ಒಂದು ತುಂಡು ಮರದ ಜೊತೆ ಕಿತ್ಕೊಂಡು ಬಂದಿದೆ. ತಾಳಿ ಬಂತು, ಗಟ್ಟಿಮೇಳ ಆಯ್ತು, ಭಾವ ಗಂಟು ಹಾಕಿದ್ರು, ಎಲ್ಲರೂ ಅಕ್ಷತೆ ಹಾಕಿದ್ರು. ಮ್ಯಾನೇಜರ್ ಬಾಗಿಲಿಗೆ ಒಂದೂವರೆ ಸಾವಿರ ಹಿಡಿದು, ಕೀಗೆ ಬೇರೆ ಐನೂರು ಹಿಡಿದ್ರು. ಬಾಗಿಲೇ ಹೋದ ಮೇಲೆ ಕೀ ಯಾಕೆ ಅಂತ ಅಪ್ಪ ಮುಕ್ಕಾಲು ಗಂಟೆ ಜಗಳ ಆಡಿದ್ರು, ನಾನು ಹತ್ರಕ್ಕೂ ಹೋಗ್ಲಿಲ್ಲ.

ಊಟಕ್ಕೆ ಅಕ್ಕ ಭಾವನ ಪಕ್ಕ ಕೂರಿಸಿದ್ರು, ಕಳಸ ತೊಡೆ ಮೇಲೆ. ಒಂದು ಕೈಯಲ್ಲಿ ತಂಬಿಗೆ ತಬ್ಕೊಂಡು ಒಂದು ಕೈಯಲ್ಲಿ ಹೋಳಿಗೆಗೆ ತುಪ್ಪ ಕಲಸ್ಕೊಂಡು ತಿನ್ನೋದು ಹೆಂಗೆ ಅಂತ ಯಾರಾದ್ರೂ ಕ್ಲಾಸ್ ತಗೋಬೇಕು. ಫೋಟೋಗ್ರಾಫರ್ರು "ಕಳಸಗಿತ್ತಿ ಮೇಡಂ ವಸಿ ಆ ಕಡೆ, ಇನ್ನೂ ವಸಿ" ಅಂತ ಅಂದು ಅಂದು, ಕೊನೆಗೆ ಮುನ್ನೂರು ಫೋಟೋದಲ್ಲಿ ನನ್ನದು ಅಂತ ಇರೋದು ಒಂದು ಮೊಣಕೈ ಮತ್ತು ಒಂದು ತೆಂಗಿನಕಾಯಿ.

ಸಂಜೆ ಹೆಣ್ಣು ಕಳಿಸೋ ಶಾಸ್ತ್ರ. ಭಾವನ ಮನೆ ಮೈಸೂರು, ಕುವೆಂಪುನಗರ. ಮಂಡ್ಯದಿಂದ 45 ಕಿಲೋಮೀಟರ್ ಚಿಲ್ಲರೆ, ದಶಪಥ ಆದ ಮೇಲೆ ದೂರ ಅಂತ ಅನ್ನಿಸೋದೇ ಇಲ್ಲ, ಆದ್ರೆ ತೊಡೆ ಮೇಲೆ ನೀರು ತುಂಬಿದ ತಂಬಿಗೆ ಇಟ್ಕೊಂಡಿದ್ರೆ ಅನ್ನಿಸುತ್ತೆ. ಟಿಟಿ ಡ್ರೈವರ್ ಬ್ರೇಕ್ ಹಾಕ್ದಾಗೆಲ್ಲ ಕಿಣಿಕ್. ಅಕ್ಕ ಅಳು ನಿಲ್ಲಿಸಿ "ಏನೇ ಅದು?" ಅಂದ್ಲು. "ಕಾಯಿನ್ನು" ಅಂದೆ. ಅಜ್ಜಿ ಕಿಟಕಿ ಕಡೆ ತಿರುಗಿ ಶ್ರೀರಂಗಪಟ್ಟಣ ಬಂತಾ ಅಂತ ನೋಡ್ತಿದ್ರು.

ಮಾರನೇ ಬೆಳಿಗ್ಗೆ ಅಕ್ಕನ ಅತ್ತೆ ಕಳಸ ಕದಲಿಸಿ, ಮಾವಿನೆಲೇಲಿ ಮನೆಗೆಲ್ಲ ನೀರು ಚಿಮುಕಿಸಿ, ಮಿಕ್ಕಿದ್ದನ್ನ ತುಳಸಿ ಕಟ್ಟೆಗೆ ಬಗ್ಗಿಸಿದ್ರು. ಸುತ್ತಲೂ ಅವರ ಮನೆ ಹೆಂಗಸರೆಲ್ಲ ನಿಂತಿದ್ರು. ಅಡಿಕೆ ಬಿತ್ತು, ಅರಿಶಿನದ ಕೊಂಬು ಬಿತ್ತು, ಕಾಯಿನ್ನು ಬಿತ್ತು. ಕೊನೆಗೆ ಅರಿಶಿನ ಹಿಡಿದು ಹಳದಿ ಬಣ್ಣಕ್ಕೆ ತಿರುಗಿದ ಕೀ ಬಿತ್ತು. ಅತ್ತೆ ಅದನ್ನ ಎತ್ಕೊಂಡು ಆ ಕಡೆ ಈ ಕಡೆ ತಿರುಗಿಸಿ "ಇದೇನಿದು?" ಅಂದ್ರು. ಅಕ್ಕ ನನ್ನ ಕಡೆ ತಿರುಗಿದ ರೀತಿ ಇದ್ಯಲ್ಲ, ಪಿಗ್ಗಿ ಬ್ಯಾಂಕ್ ಒಡೆದಾಗ ನಾನು ಅವಳನ್ನ ನೋಡಿದ್ದೂ ಹಂಗೇ.

ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕ್ಕೊಳ್ತಾ ನಿಧಾನವಾಗಿ ಹೇಳಿದ್ರು: "ಬೀಗರ ಮನೆಗೆ ಬೀಗದ ಕೈ ಕೊಡೋದು ಕಣವ್ವ. ನಮ್ ಕಡೆ ಸಾಸ್ತ್ರ. ಇನ್ನು ಹೆಣ್ಣು ನಿಮ್ದು, ಬೀಗನೂ ನಿಮ್ದೇ ಅಂತ."

ಅತ್ತೆ ಕಣ್ಣಲ್ಲಿ ನೀರು ಬಂತು. ಆ ಕೀನ ಒರೆಸಿ ಕುಂಕುಮ ಹಚ್ಚಿ ದೇವರ ಮನೇಲಿ ಇಟ್ರು, ಇವತ್ತಿಗೂ ಅಲ್ಲೇ ಇದೆ, ಮಂಡ್ಯದಲ್ಲಿ ಆ ಬಾಗಿಲಿಗೆ ಹೊಸ ಚಿಲಕ ಬಂದಾಗಿದೆ.

ಮೊನ್ನೆ ಭಾವನ ಚಿಕ್ಕಪ್ಪನ ಮಗಳ ಮದುವೆ ಇತ್ತು. ಅಪರೂಪಕ್ಕೆ ನನ್ನ ಕೈ ಎರಡೂ ಖಾಲಿ, ಮೂರನೇ ಸಾಲಲ್ಲಿ ಆರಾಮಾಗಿ ಕೂತಿದ್ದೆ. ಒಂದು ಪುಟ್ಟ ಹುಡುಗಿ ಕಳಸ ಹಿಡ್ಕೊಂಡು ಪಕ್ಕದಲ್ಲಿ ಹಾದು ಹೋದ್ಲು, ಕಿಣಿಕ್ ಕಿಣಿಕ್ ಅಂತ. ಹಿಂದೆ ಕೂತಿದ್ದೋರು ಯಾರೋ ಕೇಳಿದ್ರು, ಅಕ್ಕನ ಅತ್ತೆ ಹೆಮ್ಮೆಯಿಂದ ಹೇಳ್ತಿದ್ರು, "ಬೀಗದ ಕೈ ಶಾಸ್ತ್ರ ಕಣ್ರೀ, ಅಂಗಡಿಯಿಂದ ಹೊಸ ಬೀಗನೇ ತಂದ್ವಿ, ಬೀಗ ಹುಡುಗನ ಕಡೆಯೋರಿಗೆ, ಕೈ ಕಳಸಕ್ಕೆ. ಮಂಡ್ಯದ ಕಡೆ ತುಂಬಾ ಹಳೇ ಪದ್ಧತಿಯಂತೆ." ನಾನು ಅಜ್ಜಿ ಕಡೆ ನೋಡ್ದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚೋದ್ರಲ್ಲಿ ಎಷ್ಟು ಬ್ಯುಸಿ ಇದ್ರು ಅಂದ್ರೆ ತಲೆನೇ ಎತ್ತಲಿಲ್ಲ.