ನಿಮ್ಮ ಅನುಕೂಲಕ್ಕಾಗಿ ನಿಮ್ಮದನ್ನೇ ಕಿತ್ತುಕೊಂಡಿದ್ದೇವೆ

ಬೆಳಗ್ಗೆ ಎದ್ದು ಫೋನ್ ನೋಡಿದರೆ ವಿಮಾನ ಕಂಪನಿಯೊಂದರ ಪತ್ರ. "ನಿಮ್ಮ ಪ್ರಯಾಣದ ಅನುಭವವನ್ನು ಇನ್ನಷ್ಟು ಸುಂದರಗೊಳಿಸಲು ನಮ್ಮ ಸೇವೆಗಳಲ್ಲಿ ಕೆಲವು ಬದಲಾವಣೆಗಳನ್ನು ತರುತ್ತಿದ್ದೇವೆ." ಈ ವಾಕ್ಯ ಕಂಡ ಕೂಡಲೇ ನನ್ನ ಕೈ ತಾನೇ ತಾನಾಗಿ ಜೇಬು ಮುಟ್ಟಿ ನೋಡಿಕೊಳ್ಳುತ್ತದೆ. ಕಳ್ಳ ಬಾಗಿಲು ತಟ್ಟಿ, "ನಿಮ್ಮ ಮನೆಯನ್ನು ಸ್ವಲ್ಪ ವಿಶಾಲಗೊಳಿಸಲು ಬಂದಿದ್ದೇನೆ" ಅಂದ ಹಾಗೆ.

ಕೆಳಗೆ ಸಣ್ಣ ಅಕ್ಷರದಲ್ಲಿ ವಿವರ ಇತ್ತು. ಒಳಗೆ ಒಯ್ಯುವ ಬ್ಯಾಗಿನ ಅಳತೆ ಎರಡು ಸೆಂಟಿಮೀಟರ್ ಕಡಿಮೆ ಮಾಡಿದ್ದಾರೆ. ನನ್ನ ಬ್ಯಾಗು ಎರಡು ಸೆಂಟಿಮೀಟರ್ ಕುಗ್ಗಿದರೆ ನನ್ನ ಅನುಭವ ಎಷ್ಟು ಸೆಂಟಿಮೀಟರ್ ಸುಂದರವಾಗುತ್ತದೆ ಎಂಬ ಲೆಕ್ಕ ಮಾತ್ರ ಕೊಟ್ಟಿರಲಿಲ್ಲ.

ಸೌತ್‌ವೆಸ್ಟ್ ಎಂಬ ಅಮೆರಿಕದ ವಿಮಾನ ಕಂಪನಿಯ ಕಥೆ ನಿಮಗೆ ಗೊತ್ತೇ ಇದೆ. "ಬೇರೆಯವರು ನಿಮ್ಮ ಬ್ಯಾಗಿಗೂ ದುಡ್ಡು ಕೀಳುತ್ತಾರೆ, ನಾವು ಕೀಳೋದಿಲ್ಲ" ಅಂತ ಊರೆಲ್ಲ ಡಂಗುರ ಸಾರಿಕೊಂಡೇ ಬೆಳೆದವರು ಅವರು. 2025ರ ಮೇ 28ರಿಂದ ಅವರೂ ಕೀಳಲು ಶುರು ಮಾಡಿದರು. ಬಂದವರು ಬಂದ ಹಾಗೆ ಸಿಕ್ಕ ಸೀಟಿನಲ್ಲಿ ಕೂರುವ ಪದ್ಧತಿಯೊಂದು ಉಳಿದಿತ್ತು. 2026ರ ಜನವರಿ 27ರಿಂದ ಅದಕ್ಕೂ ಮಂಗಳಾರತಿ ಆಯಿತು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಸಸ್ಯಾಹಾರಿ ಕೊನೆಗೊಮ್ಮೆ ಕೋಳಿ ಗೂಡಿನ ಹತ್ತಿರ ಸಿಕ್ಕಿಬಿದ್ದರೆ, ಬೇಜಾರಾಗುವುದು ಅವನ ಬಗ್ಗೆ ಅಲ್ಲ, ಇಷ್ಟು ದಿನ ಅವನನ್ನು ನಂಬಿದ ನಮ್ಮ ಬಗ್ಗೆ.

ಬ್ಯಾಗಿಗೆ ದುಡ್ಡು ಎಂಬ ಈ ಪುಣ್ಯಕಾರ್ಯ ಹಬ್ಬಿದ ಬಗೆ ಕೇಳಿದರೆ ಇನ್ನೂ ಖುಷಿಯಾಗುತ್ತದೆ. 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೊದಲನೇ ಬ್ಯಾಗಿಗೇ 15 ಡಾಲರ್ ಹಾಕಿತು. ಏನು ಮಾಡುವುದು, ತೈಲದ ಬೆಲೆ ಮುಗಿಲು ಮುಟ್ಟಿದೆ, ವಿಧಿಯಿಲ್ಲ ಎಂಬ ಗೋಳು. ಸುಳ್ಳಲ್ಲ, ಆ ವರ್ಷದ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ದಾಟಿತ್ತು. ಡಿಸೆಂಬರ್ ಹೊತ್ತಿಗೆ ಅದೇ ತೈಲ 40ಕ್ಕಿಂತ ಕೆಳಗೆ ಬಿತ್ತು. ಬ್ಯಾಗಿನ ಶುಲ್ಕ ಬಿತ್ತಾ? ಉಹುಂ. ಮರುವರ್ಷ ಇನ್ನೂ ಏರಿತು. ಜ್ವರ ಬಂದಾಗ ಕೊಟ್ಟ ಕಷಾಯವನ್ನು ಜ್ವರ ಬಿಟ್ಟ ಮೇಲೂ ಹದಿನೇಳು ವರ್ಷ ಕುಡಿಸುತ್ತಿರುವ ವೈದ್ಯರು ಇವರು. ಈಗಂತೂ ಜ್ವರ ಇತ್ತೆಂಬುದೇ ಯಾರಿಗೂ ನೆನಪಿಲ್ಲ.

ಇವರ ವಂಶದ ಹಿರಿಯರೊಬ್ಬರ ವಿಷಯ ಹೇಳದೆ ಮುಂದೆ ಹೋದರೆ ಪಾಪ ಬಂದೀತು. ಅದೇ ಕಂಪನಿಯ ಮುಖ್ಯಸ್ಥರಾಗಿದ್ದ ರಾಬರ್ಟ್ ಕ್ರ್ಯಾಂಡಲ್, 1980ರ ದಶಕದಲ್ಲಿ ಪ್ರಯಾಣಿಕರ ಸಲಾಡ್ ತಟ್ಟೆಯಿಂದ ಒಂದೇ ಒಂದು ಆಲಿವ್ ಕಾಯಿ ತೆಗೆಸಿದರು. ವರ್ಷಕ್ಕೆ ಸುಮಾರು 40,000 ಡಾಲರ್ ಉಳಿಯಿತು ಅಂತ ಆಡಳಿತ ಶಾಸ್ತ್ರದ ಮೇಷ್ಟ್ರುಗಳು ಇವತ್ತಿಗೂ ಕಣ್ಣರಳಿಸಿ ಪಾಠ ಮಾಡುತ್ತಾರೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದರಂತೆ, ಯಾರಿಗೂ ಗೊತ್ತೇ ಆಗಲಿಲ್ಲವಂತೆ. ನಾನು ಯೋಚಿಸುವುದು ಆಮೇಲಿನದ್ದನ್ನು. ಒಂದು ಆಲಿವ್ ಹೋದದ್ದು ಗೊತ್ತಾಗಲಿಲ್ಲ ಎಂದ ಮೇಲೆ ಎರಡನೆಯದು ಯಾಕಿರಬೇಕು? ಆಮೇಲೆ ಸೊಪ್ಪು, ಆಮೇಲೆ ತಟ್ಟೆ, ಆಮೇಲೆ ದಿಂಬು, ಆಮೇಲೆ ಮೊಣಕಾಲು ಇಡುವ ಜಾಗ. ಅಮೆರಿಕದ ಸ್ಪಿರಿಟ್ ಕಂಪನಿಯವರು ಹಿಂದಕ್ಕೆ ಒರಗದ ಸೀಟು ಹಾಕಿಸಿ ಅದಕ್ಕೆ 'ಮೊದಲೇ ಒರಗಿಸಿಟ್ಟ ಸೀಟು' ಅಂತ ಹೆಸರಿಟ್ಟರು. ನಾಮಕರಣ ಮಾಡಿದ ಆ ಪುಣ್ಯಾತ್ಮ ಎಲ್ಲಿದ್ದರೂ ಚೆನ್ನಾಗಿರಲಿ. ಆತ ವೈದ್ಯನಾಗಿದ್ದರೆ ಸತ್ತವರನ್ನು 'ಮೊದಲೇ ಗುಣವಾದವರು' ಅನ್ನುತ್ತಿದ್ದ.

ಈ ಇಡೀ ಕೂಟದಲ್ಲಿ ನನಗೆ ಗೌರವ ಇರುವುದು ಐರ್ಲೆಂಡಿನ ವಿಮಾನ ಕಂಪನಿ ರಯಾನ್‌ಏರ್‌ನ ಮುಖ್ಯಸ್ಥ ಮೈಕೆಲ್ ಓಲಿಯರಿ ಒಬ್ಬರ ಮೇಲೆ. ವಿಮಾನದ ಶೌಚಾಲಯಕ್ಕೆ ಕಾಸು ಹಾಕಿ ಒಳಹೋಗುವ ವ್ಯವಸ್ಥೆ ಮಾಡಿದರೆ ಹೇಗೆ ಅಂತ 2009ರಲ್ಲೇ ಟಿವಿ ಮುಂದೆ ಕೂತು ಹೇಳಿದವರು ಅವರು. ಮಾಡಲಿಲ್ಲ, ಆದರೆ ಹೇಳಿದರು. ಉಳಿದವರು ಹೇಳದೆ ಮಾಡುತ್ತಾರೆ. ದೊಡ್ಡ ಬ್ಯಾಗು ತಂದವರನ್ನು ಗೇಟಿನಲ್ಲಿ ಹಿಡಿದುಕೊಟ್ಟ ಸಿಬ್ಬಂದಿಗೆ ತಲಾ ಒಂದೂವರೆ ಯೂರೋ ಇನಾಮು ಇದ್ದದ್ದನ್ನು 2025ರ ನವೆಂಬರ್‌ನಿಂದ ಎರಡೂವರೆಗೆ ಏರಿಸಿದ್ದೇವೆ ಅಂತ ಎದೆ ತಟ್ಟಿಕೊಂಡು ಹೇಳಿದ್ದೂ ಅವರೇ. ಬೆಳೆ ತಿನ್ನುವ ಹಂದಿ ಹೊಡೆದರೆ ಬಾಲಕ್ಕಿಷ್ಟು ಅಂತ ಕೊಡುತ್ತಿದ್ದರಲ್ಲ, ಹಾಗೆ.

ಅದೇ ನವೆಂಬರ್ 12ರಿಂದ ಅವರಲ್ಲಿ ಕಾಗದದ ಬೋರ್ಡಿಂಗ್ ಪಾಸ್ ಕೂಡ ಬಂದ್. ಎಲ್ಲ ಫೋನಿನಲ್ಲಿ. ಒಳ್ಳೆಯದೇ, ಮರಗಳು ಉಳಿಯುತ್ತವೆ. ಆದರೆ ಫೋನಿಗೆ ಚಾರ್ಜ್ ಬೇಕು, ಚಾರ್ಜ್‌ಗೆ ಪವರ್ ಬ್ಯಾಂಕ್ ಬೇಕು. ಪವರ್ ಬ್ಯಾಂಕನ್ನು ಕೆಳಗೆ ಹಾಕುವ ಲಗೇಜಿನಲ್ಲಿ ಇಡುವ ಹಾಗಿಲ್ಲ, ಎಲ್ಲಿಯೂ, ಯಾವ ಕಂಪನಿಯಲ್ಲೂ. ಕೈಲೇ ಒಯ್ಯಬೇಕು. ಕೈಲಿದ್ದ ಮಾತ್ರಕ್ಕೆ ಬಳಸಬಹುದು ಅಂದುಕೊಳ್ಳಬೇಡಿ. ಎಮಿರೇಟ್ಸ್‌ನಲ್ಲಿ 2025ರ ಅಕ್ಟೋಬರ್ 1ರಿಂದ ಅದನ್ನು ತರಬಹುದು, ಬಳಸುವಂತಿಲ್ಲ.

ಇದೊಂದರ ಬಗ್ಗೆ ಮಾತ್ರ ನಾನು ತಮಾಷೆ ಮಾಡುವುದಿಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್‌ಹೇ ನಿಲ್ದಾಣದಲ್ಲಿ, ಇನ್ನೂ ನೆಲ ಬಿಡದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ಎಲ್ಲರೂ ಇಳಿದು ಬದುಕಿದರು, ವಿಮಾನದ ಚಾವಣಿ ಉಳಿಯಲಿಲ್ಲ. ತನಿಖೆಯವರ ಗುಮಾನಿ ಹೋದದ್ದು ತಲೆ ಮೇಲಿನ ಡಬ್ಬಿಯಲ್ಲಿದ್ದ ಪವರ್ ಬ್ಯಾಂಕಿನ ಮೇಲೆ. ಅದು ಆಕಾಶದಲ್ಲಿ ಆಗಿದ್ದರೆ? ಹಾಗಾಗಿ ಲೆಕ್ಕ ತಿಳಿದಿರಲಿ. ಪವರ್ ಬ್ಯಾಂಕ್ ಹಿಡಿಯುವ ಶಕ್ತಿಯನ್ನು ವ್ಯಾಟ್-ಅವರ್‌ನಲ್ಲಿ ಅಳೆಯುತ್ತಾರೆ. ಮಿತಿ ಸಾಮಾನ್ಯವಾಗಿ 100 ವ್ಯಾಟ್-ಅವರ್, ಅದರಿಂದ 160ರವರೆಗೆ ಕಂಪನಿಯ ಅನುಮತಿ ಬೇಕು. ನಿಮ್ಮ ಪವರ್ ಬ್ಯಾಂಕಿನ ಮೇಲೆ ಬರೆದಿರುವುದು ಎಂಎಎಚ್ (mAh) ಮಾತ್ರವಾದರೆ ಅದನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 20,000 ಇದ್ದರೆ 74 ಬರುತ್ತದೆ, ನಿಶ್ಚಿಂತೆ. 27,000 ಇದ್ದರೆ 99.9, ಗಡಿಯ ಮೇಲೆ ನಿಂತಿದ್ದೀರಿ. ಅಕ್ಷರ ಅಳಿಸಿಹೋಗಿರುವ ಹಳೇ ಡಬ್ಬಿಯಾದರೆ ಮನೆಯಲ್ಲೇ ಬಿಡಿ. ತಪಾಸಣೆಯವರು ನಿಮ್ಮ ಬಾಯಿಮಾತನ್ನು ಗುಣಾಕಾರಕ್ಕೆ ಹಾಕಿಕೊಳ್ಳುವುದಿಲ್ಲ.

ಮತ್ತೆ ಬ್ಯಾಗಿಗೆ ಬರೋಣ. ಹೋದ ತಿಂಗಳು ಗೇಟಿನ ಪಕ್ಕ, ಬ್ಯಾಗಿನ ಅಳತೆ ನೋಡುವ ಆ ಕಬ್ಬಿಣದ ಚೌಕಟ್ಟಿನ ಮುಂದೆ ನಿಂತಿದ್ದೆ. ಕಂಪನಿಯ ಹೆಸರು ಬೇಡ, ಎಲ್ಲ ಒಂದೇ ಗರಡಿಯವರು.

"ಸರ್, ಬ್ಯಾಗ್ ಒಂದ್ಸಲ ಇದರಲ್ಲಿ ಇಡಿ."

"ಆರು ವರ್ಷದಿಂದ ಇದೇ ಬ್ಯಾಗಲ್ಲಿ ಓಡಾಡ್ತಿದೀನಮ್ಮ."

"ಅಳತೆ ಬದಲಾಗಿದೆ ಸರ್."

"ಬ್ಯಾಗ್ ಬದಲಾಗಿಲ್ವಲ್ಲ."

"ಅದೇ ಸರ್ ಪ್ರಾಬ್ಲಮ್ಮು."

ಬ್ಯಾಗು ಒಳಗೆ ಹೋಯಿತು. ಒಂದು ಚಕ್ರ ಮಾತ್ರ ಹೊರಗೆ ಉಳಿಯಿತು, ಹೊಸ್ತಿಲಲ್ಲಿ ಕಾಲು ಅಡ್ಡ ಇಟ್ಟ ಮಗುವಿನ ಹಾಗೆ. ಆ ಒಂದು ಚಕ್ರಕ್ಕೆ ಅವರು ಕೇಳಿದ ದುಡ್ಡು ನನ್ನ ಟಿಕೆಟ್ಟಿಗಿಂತ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ ಅಂತ ಗಾದೆ ಕಟ್ಟಿದವರು ವಿಮಾನ ಹತ್ತಿದವರೇ ಇರಬೇಕು. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ನೆಲದ ಮೇಲೆ ಕೂತು ಬ್ಯಾಗು ಬಿಚ್ಚಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಳ್ಳುತ್ತಿದ್ದರು. ಮೂರನೆಯದರ ತೋಳು ಏರಲಿಲ್ಲ. ಹಿಂದೆ ನಿಂತಿದ್ದ ಹುಡುಗ ಬಗ್ಗಿ ಎಳೆದುಕೊಟ್ಟ. ಕೋಟಿನ ಒಂದೊಂದು ಜೇಬಿಗೆ ಒಂದೊಂದು ಪುಸ್ತಕ ತುರುಕಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಅವರು ಎದ್ದು ನಿಂತರು. ಖಾಲಿ ಬ್ಯಾಗು ಚೌಕಟ್ಟಿನೊಳಗೆ ಇಳಿಯಿತು. ಸಿಬ್ಬಂದಿ ನಕ್ಕು ಒಳಗೆ ಬಿಟ್ಟರು. ಅಷ್ಟೂ ತೂಕ ಅದೇ ವಿಮಾನಕ್ಕೆ ಹತ್ತಿತು. ಬ್ಯಾಗಿನಲ್ಲಿದ್ದಾಗ ಇಂಧನ ಕುಡಿಯುವ ಸ್ವೆಟರು ಮೈಮೇಲೆ ಬಂದ ಕೂಡಲೇ ಉಪವಾಸ ಮಾಡುತ್ತದೆ ಎಂಬ ಈ ಭೌತಶಾಸ್ತ್ರ ನನಗೆ ಶಾಲೆಯಲ್ಲಿ ಯಾರೂ ಕಲಿಸಿರಲಿಲ್ಲ.

ನಾನು ಚಕ್ರ ಹಿಡಿದು ತಿರುಚಿದೆ. ಮೊದಲೇ ಅಲ್ಲಾಡುತ್ತಿತ್ತು, ಕೈಗೇ ಬಂತು. ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಗೇಟಿನಲ್ಲಿದ್ದ ಹುಡುಗಿ ನೋಡಿದರು, ನಿಯಮಾವಳಿಯಲ್ಲಿ ಜೇಬಿನ ಚಕ್ರದ ಬಗ್ಗೆ ಏನೂ ಇರಲಿಲ್ಲವೇನೋ, ಸುಮ್ಮನಾದರು. ಒಳಗೆ ಹೋದರೆ ತಲೆ ಮೇಲಿನ ಡಬ್ಬಿ ಅರ್ಧ ಖಾಲಿ.

ಒಳಗೆ ಹೋಗುವ ಸಾಲಿನದು ಇನ್ನೊಂದು ಪುರಾಣ. ಗುಂಪು ಒಂದು, ಗುಂಪು ಎರಡು ಅಂತ ಒಂಬತ್ತರವರೆಗೆ ಕೂಗುತ್ತಾರೆ. ಜೇಸನ್ ಸ್ಟೆಫೆನ್ ಎಂಬ ಖಗೋಳ ವಿಜ್ಞಾನಿ ಈ ನೂಕುನುಗ್ಗಲಿಗೆ ರೋಸಿಹೋಗಿ, ನಕ್ಷತ್ರ ಗ್ರಹಗಳನ್ನು ಅತ್ತ ಇಟ್ಟು, 2008ರಲ್ಲಿ ಜನ ವಿಮಾನ ಹತ್ತುವ ಕ್ರಮದ ಮೇಲೇ ಒಂದು ಪ್ರಬಂಧ ಬರೆದರು. 2011ರಲ್ಲಿ 72 ಜನರನ್ನು ಲಗೇಜ್ ಸಮೇತ ವಿಮಾನದ ಅಣಕು ಮಾದರಿಯೊಳಗೆ ಹತ್ತಿಸಿಯೂ ನೋಡಿದರು. ಹಿಂದಿನ ಸಾಲಿನಿಂದ ಕಂತು ಕಂತಾಗಿ ಕರೆಯುವ ಪದ್ಧತಿಗಿಂತ, ಯಾರು ಬೇಕಾದರೂ ಬನ್ನಿ ಅಂತ ಸುಮ್ಮನೆ ಬಿಟ್ಟದ್ದೇ ಬೇಗ ಮುಗಿಯಿತು. ಅಂದರೆ ಏನೂ ಮಾಡದೆ ಕೈಕಟ್ಟಿ ಕೂತರೆ ಇವರ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ಆದರೆ ಸುಮ್ಮನೆ ಬಿಟ್ಟರೆ ಮುಂಚೆ ಹತ್ತುವ ಹಕ್ಕನ್ನು ಮಾರುವುದು ಹೇಗೆ? ಅಮೆರಿಕನ್ ಏರ್‌ಲೈನ್ಸ್‌ನವರು 2024ರಲ್ಲಿ ಯಂತ್ರವನ್ನೇ ತಂದರು. ನಿಮ್ಮ ಸರದಿಗಿಂತ ಮೊದಲು ಪಾಸ್ ತೋರಿಸಿದರೆ ಅದು ಎಲ್ಲರೆದುರು ಸದ್ದು ಮಾಡುತ್ತದೆ. ವಿಮಾನ ತಡವಾದಾಗಲೂ ಅದೇ ಯಂತ್ರ ಮ್ಯಾನೇಜರ ಕಡೆ ತಿರುಗಿ ಸದ್ದು ಮಾಡುವ ಹಾಗಿದ್ದರೆ ನಾನೇ ಒಂದು ಕೊಡಿಸುತ್ತಿದ್ದೆ.

ಇಷ್ಟು ಹೊತ್ತು ನಗುತ್ತಿದ್ದೆ. ಏರ್ ಕೆನಡಾದ ಪ್ರಕರಣ ನೆನಪಾದರೆ ನಗು ಬರುವುದಿಲ್ಲ. 2022ರಲ್ಲಿ ಒಬ್ಬರ ಅಜ್ಜಿ ತೀರಿಕೊಂಡರು. ಸಾವಿನ ಮನೆಗೆ ಹೋಗುವವರಿಗೆ ರಿಯಾಯಿತಿ ಉಂಟೇ ಅಂತ, ಮನುಷ್ಯರ ಬದಲು ತಾನೇ ಉತ್ತರ ಕೊಡುವ ಕಂಪನಿಯ ಚಾಟ್‌ಬಾಟ್‌ನಲ್ಲಿ ಕೇಳಿದರು. ಈಗ ಟಿಕೆಟ್ ತೆಗೆದುಕೊಂಡು ಹೋಗಿ, 90 ದಿನದೊಳಗೆ ಅರ್ಜಿ ಹಾಕಿ ಅಂತ ಅದು ಹೇಳಿತು. ಅರ್ಜಿ ಹಾಕಿದರೆ ಕಂಪನಿ ಕೊಡುವುದಿಲ್ಲ ಅಂದಿತು. ಜಗಳ ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್ ಪ್ರತ್ಯೇಕ ಅಸ್ತಿತ್ವ, ಅದರ ಮಾತಿಗೆ ಅದೇ ಜವಾಬ್ದಾರಿ ಎಂಬರ್ಥದ ವಾದ ಹೂಡಿತು! 2024ರ ಫೆಬ್ರವರಿಯಲ್ಲಿ ಮಂಡಳಿ ಆ ವಾದವನ್ನು ಕಿತ್ತೆಸೆದು, ಬಡ್ಡಿ ಖರ್ಚು ಎಲ್ಲ ಸೇರಿ 812 ಕೆನಡಾ ಡಾಲರ್ ಕೊಡಿಸಿತು. 812 ಡಾಲರ್. ಇಷ್ಟಕ್ಕಾಗಿ, ಅಜ್ಜಿಯನ್ನು ಕಳೆದುಕೊಂಡ ಮನುಷ್ಯನನ್ನು ಒಂದು ವರ್ಷಕ್ಕೂ ಹೆಚ್ಚು ಅಲೆಸಿದರು. ಕ್ವಾಂಟಸ್‌ನವರದು ಇನ್ನೂ ದೊಡ್ಡ ಕೆಲಸ, ಅದು ಆಸ್ಟ್ರೇಲಿಯಾದ ವಿಮಾನ ಕಂಪನಿ. ರದ್ದು ಮಾಡಲು ತಾವೇ ತೀರ್ಮಾನಿಸಿಯಾಗಿದ್ದ ಸಾವಿರಾರು ವಿಮಾನಗಳಿಗೆ ಟಿಕೆಟ್ ಮಾರುತ್ತಲೇ ಇದ್ದರು. 2024ರಲ್ಲಿ 10 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಇಲ್ಲದ ವಿಮಾನಕ್ಕೆ ನಾವು ಹೊತ್ತಿಗೆ ಮುಂಚೆ ಬರಬೇಕು, ಇರುವ ವಿಮಾನಕ್ಕೆ ಅವರು ಯಾವಾಗ ಬೇಕಾದರೂ ಬರಬಹುದು. ಇದಕ್ಕೆ ವ್ಯಂಗ್ಯ ಬೇಕಿಲ್ಲ, ನನಗೆ ಸುಸ್ತಾಗಿದೆ.

ಆದ್ದರಿಂದ ಕೆಲಸಕ್ಕೆ ಬರುವ ನಾಲ್ಕು ಮಾತು ಹೇಳಿಬಿಡುತ್ತೇನೆ. ಚಾಟ್‌ಬಾಟ್ ಏನೇ ಹೇಳಲಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಅಜ್ಜಿಯನ್ನು ಕಳೆದುಕೊಂಡ ಆ ಮನುಷ್ಯನಿಗೆ ಕೈ ಹಿಡಿದದ್ದು ಅದೇ. ಬ್ಯಾಗು ಬೆಲ್ಟಿನ ಮೇಲೆ ಬರದಿದ್ದರೆ ಮನೆಗೆ ಹೋಗಿ ಫೋನ್ ಮಾಡೋಣ ಅಂತ ಹೊರಟುಬಿಡಬೇಡಿ, ಅಲ್ಲೇ ಕೌಂಟರಿನಲ್ಲಿ ದೂರು ಬರೆಸಿ ನಂಬರು ಇಸಿದುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದ ಅಂತ ಒಂದಿದೆ, 1999ರದ್ದು. ಬ್ಯಾಗು ಹರಿದಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. 21 ದಿನವಾದರೂ ಬರದಿದ್ದರೆ ಕಳೆದುಹೋಯಿತೆಂದೇ ಲೆಕ್ಕ, ಪರಿಹಾರ ಕೇಳಬಹುದು. ಬ್ಯಾಗಿನ ಒಳಗಿನದ್ದರ ಫೋಟೊ ಮೊದಲೇ ತೆಗೆದಿಟ್ಟರೆ ಒಳ್ಳೆಯದು, ಔಷಧಿ ಮಾತ್ರ ಎಂದೆಂದೂ ಕೈಚೀಲದಲ್ಲಿರಲಿ. ವಿಮಾನ ರದ್ದಾದಾಗ ಕೂಪನ್ ಕೊಡುತ್ತೇವೆ ಅಂತ ಸಿಹಿಯಾಗಿ ಬರುತ್ತಾರೆ. "ದುಡ್ಡು ವಾಪಸ್ ಕೊಡಿ" ಅಂತ ಅಷ್ಟೇ ಸಿಹಿಯಾಗಿ ಕೇಳಿ. ಯುರೋಪಿನಲ್ಲಿ ಮೂರು ಗಂಟೆಗೂ ಮಿಕ್ಕಿ ತಡವಾದರೆ ದೂರದ ಮೇಲೆ 250ರಿಂದ 600 ಯೂರೋವರೆಗೆ ಪರಿಹಾರ ಕೊಡುವ ನಿಯಮ ಇದೆ, ಅದೂ 'ಅಸಾಧಾರಣ ಪರಿಸ್ಥಿತಿ' ಎಂಬ ಮಂತ್ರ ಪಠಿಸದೇ ಇದ್ದರೆ. ಆ ಮೂರನ್ನು ದೂರ ನೋಡಿಕೊಂಡು ನಾಲ್ಕು ಅಥವಾ ಆರು ಗಂಟೆ ಮಾಡಲು 2025ರ ಜೂನ್‌ನಲ್ಲಿ ಅಲ್ಲಿನ ಸಚಿವರು ಒಪ್ಪಿದರು. ಅದಕ್ಕೂ ಸುಧಾರಣೆ ಎಂದೇ ಹೆಸರು.

ನನ್ನ ಚಕ್ರ ಈಗ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಡಲು ಹದವಾಗಿದೆ. ಬ್ಯಾಗಿನಲ್ಲಿ ಇನ್ನೂ ಮೂರು ಇವೆ. ಹೊಸ ಅಳತೆಯ ಪತ್ರ ಇವತ್ತು ಬಂದಿದೆ, ಮುಂದಿನ ಪ್ರಯಾಣ ಹದಿನೈದು ದಿನಕ್ಕೆ. ಮೊದಲು ಒಂದು ಸ್ಕ್ರೂಡ್ರೈವರ್ ಹುಡುಕಬೇಕು. ಅದನ್ನು ವಿಮಾನದೊಳಗೆ ಬಿಡುವುದಿಲ್ಲ, ಮನೆಯಲ್ಲೇ ಕೆಲಸ ಮುಗಿಸಿಕೊಂಡು ಹೋಗಬೇಕು.